ಗೇರ್ ಬಾಕ್ಸಿನ ಕೆಂಪು ಎಣ್ಣೆ

ಸುಗ್ಗಿಯ ಸೋಮವಾರ, ಗುರುವಾರಗಳಂದು ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯ ದಾರಿಯಲ್ಲಿ ಗಾಡಿಗಳು ತೆವಳುತ್ತವೆ. ಮಾರ್ಚ್ ಬಿಸಿಲಲ್ಲಿ, ಚೀಲ ಹೇರಿದ ಲಾರಿ–ಟ್ರ್ಯಾಕ್ಟರುಗಳ ಹಿಂದೆ ಹತ್ತು ಅಡಿ ಸಾಗುವುದು, ಬ್ರೇಕು ಒತ್ತುವುದು. ಕ್ಲಚ್ ತುಳಿಯುವ ಕಾಟ ತಪ್ಪಿತೆಂದು ಆಟೊಮ್ಯಾಟಿಕ್ ಕಾರು ಕೊಂಡವರು ಇಲ್ಲಿ ಆರಾಮಾಗಿ ಕೂತಿರುತ್ತಾರೆ. ಅವರ ಆರಾಮಕ್ಕೆ ಬೇಯುವುದು ಗೇರ್ ಬಾಕ್ಸಿನ ಎಣ್ಣೆ.

ಅಮೆರಿಕದಲ್ಲಿ ಇಂಥ ಗೇರ್ ಬಾಕ್ಸ್ 1940ರ ಮಾದರಿಯ ಓಲ್ಡ್ಸ್‌ಮೊಬೈಲ್ ಕಾರುಗಳಲ್ಲೇ ಬಂತು. ನಮ್ಮಲ್ಲಿ ಸಣ್ಣ ಕಾರಿನವರಿಗೆ ಆ ಸುಖ ಎಟುಕಿದ್ದು 2014ರ ಸೆಲೆರಿಯೊದಿಂದ. ಆದರೆ ಅದರಲ್ಲಿದ್ದದ್ದು ಎಎಂಟಿ. ಒಳಗೆ ಹಳೆಯ ಮ್ಯಾನ್ಯುಯಲ್ ಗೇರ್ ಬಾಕ್ಸೇ ಇರುತ್ತದೆ, ಕಾಲಿನ ಬದಲು ಯಂತ್ರ ಕ್ಲಚ್ ಒತ್ತುತ್ತದೆ. ಅದಕ್ಕೆ ಮಾಮೂಲಿ ಗೇರ್ ಆಯಿಲ್ ಸಾಕು. ಎಎಂಟಿ ಕಾರಿಗೂ ‘ಎಟಿಎಫ್ (ಆಟೊಮ್ಯಾಟಿಕ್ ಗೇರ್ ಬಾಕ್ಸಿನ ಎಣ್ಣೆ) ಫ್ಲಶ್ ಮಾಡಿಸ್ರಿ’ ಎನ್ನುವ ಗ್ಯಾರೇಜಿನಿಂದ ಗಾಡಿ ಹೊರಗೆ ತರುವುದೇ ಲೇಸು.

ಆಟೊಮ್ಯಾಟಿಕ್ ಇನ್ನೋವಾ ಕ್ರಿಸ್ಟಾದಂಥ ಟಾರ್ಕ್ ಕನ್ವರ್ಟರ್ ಗಾಡಿಗಳ ಕಥೆ ಬೇರೆ. ಅವುಗಳಲ್ಲಿ ಎಣ್ಣೆ ಬರೀ ಜಾರಿಕೆಗಲ್ಲ. ಎಂಜಿನ್ನಿನ ಬಲವನ್ನು ಗೇರಿಗೆ ದಾಟಿಸುವುದು, ಒಳಗಿನ ಕ್ಲಚ್ಚುಗಳನ್ನು ಒತ್ತಿ ಹಿಡಿಯುವುದು, ಬಿಸಿಯನ್ನು ಹೊರಗೆ ಸಾಗಿಸುವುದು ಎಲ್ಲವೂ ಅದೇ. ಸಿವಿಟಿ ಎಂಬ ಇನ್ನೊಂದು ಬಗೆಯ ಆಟೊಮ್ಯಾಟಿಕ್ ಗೇರ್ ಬಾಕ್ಸಿಗೆ ಅದರದ್ದೇ ಬೇರೆ ಎಣ್ಣೆ ಬೇಕು. ಒಂದರ ಬದಲು ಇನ್ನೊಂದು ಸುರಿದರೆ ಗೇರ್ ಬಾಕ್ಸೇ ಕೆಡಬಹುದು.

ಬಣ್ಣ ನೋಡಿ ಬೆಲೆ ಕಟ್ಟುವುದನ್ನು ಬ್ಯಾಡಗಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಹೊಸ ಎಟಿಎಫ್ ಸಾಮಾನ್ಯವಾಗಿ ಕಡುಗೆಂಪು, ಬೆಂದಂತೆ ಕಂದಾಗುತ್ತದೆ. ಆದರೆ ಬಣ್ಣವೊಂದನ್ನೇ ನಂಬುವಂತಿಲ್ಲ, ಮೂಗಿಗೂ ಕೆಲಸವಿದೆ. ಸುಟ್ಟ ವಾಸನೆ ಬಂದರೆ ಕ್ಲಚ್ ಪ್ಲೇಟುಗಳು ಸವೆಯುತ್ತಿವೆ ಎಂದೇ ಲೆಕ್ಕ.

ಈ ಕೆಲಸ ಬಲ್ಲ ಮೆಕ್ಯಾನಿಕ್ಕು ಅವಸರ ಮಾಡುವುದಿಲ್ಲ. ಗಾಡಿಯನ್ನು ಸಮತಟ್ಟಾಗಿ ಎತ್ತಿ, ಹಳೆ ಎಣ್ಣೆಯನ್ನು ಅಳತೆಯ ಡಬ್ಬಿಗೆ ಇಳಿಸುತ್ತಾನೆ. ಎಷ್ಟು ಇಳಿಯಿತೆಂಬ ಲೆಕ್ಕ ಮುಂದೆ ಬೇಕು. ಆಮೇಲೆ ಎಣ್ಣೆ ನಿಲ್ಲುವ ತಳದ ಚೇಂಬರ್ ಬಿಚ್ಚುತ್ತಾನೆ. ತಳದ ಅಯಸ್ಕಾಂತಕ್ಕೆ ಬೂದು ಬಣ್ಣದ ನುಣುಪು ಲೋಹದ ಪುಡಿ ಮೆತ್ತಿಕೊಂಡಿರುತ್ತದೆ. ಬೆರಳಲ್ಲಿ ತಿಕ್ಕಿದಾಗ ನುಣ್ಣಗಿದ್ದರೆ ಅದು ಸಹಜ ಸವೆತ. ಚೂರುಗಳು ಸಿಕ್ಕರೆ ಒಳಗೆ ಏನೋ ಮುರಿದಿದೆ. ಹೊಸ ಫಿಲ್ಟರು, ಹೊಸ ಗ್ಯಾಸ್ಕೆಟ್ಟು ಕೂರಿಸಿ, ಬೋಲ್ಟುಗಳನ್ನು ಎದುರು–ಬದುರಾಗಿ, ಹದವರಿತು ಬಿಗಿಯುತ್ತಾನೆ. ಇಳಿದಷ್ಟೇ ಹೊಸ ಎಣ್ಣೆ ತುಂಬಿ ಎಂಜಿನ್ ಚಾಲೂ ಮಾಡಿ, ಬ್ರೇಕ್ ತುಳಿದೇ ಗೇರ್ ಲಿವರನ್ನು ಒಂದೊಂದು ಸ್ಥಾನಕ್ಕೂ ಸರಿಸುತ್ತಾನೆ. ಮಟ್ಟ ನೋಡುವುದು ಕಂಪನಿ ಹೇಳಿದ ಬಿಸಿಯಲ್ಲಿ ಮಾತ್ರ. ಕೆಲವು ಗಾಡಿಗಳ ಫಿಲ್ಟರು ಗೇರ್ ಬಾಕ್ಸಿನ ಒಳಗೇ ಇದ್ದು, ಪೂರ್ತಿ ಬಿಚ್ಚದೆ ಕೈಗೆ ಸಿಗುವುದಿಲ್ಲ.

ಹೀಗೆ ಇಳಿಸಿದರೆ ಬರುವುದು ಹೆಚ್ಚೆಂದರೆ ಅರ್ಧ ಎಣ್ಣೆ. ಉಳಿದದ್ದು ಟಾರ್ಕ್ ಕನ್ವರ್ಟರಿನಲ್ಲೂ ಕೂಲರ್ ಪೈಪಿನಲ್ಲೂ ನಿಂತಿರುತ್ತದೆ. ಅದಕ್ಕಾಗಿಯೇ ಫ್ಲಶ್ ಯಂತ್ರ: ಕೂಲರ್ ಪೈಪಿಗೆ ಜೋಡಿಸಿ, ಹಳೆಯದು ಹೊರಬರುತ್ತಿದ್ದಂತೆ ಹೊಸದನ್ನು ತುಂಬುತ್ತಾ ಹೋಗುತ್ತದೆ. ಕಾಲಕಾಲಕ್ಕೆ ಎಣ್ಣೆ ಕಂಡ ಗಾಡಿಗೆ ಇದು ಒಳ್ಳೆಯದೇ. ಲಕ್ಷ ಕಿಲೋಮೀಟರ್ ಓಡಿ ಒಮ್ಮೆಯೂ ಎಣ್ಣೆ ಬದಲಿಸದ ಗಾಡಿಗೆ ಮಾತ್ರ ನಾನು ಒಪ್ಪೆ. ತಳದಲ್ಲಿ ಕೂತ ಕೊಳೆ ಎದ್ದು, ಎಣ್ಣೆಯನ್ನು ಹಂಚುವ ವಾಲ್ವ್ ಬಾಡಿಯ ಸಣ್ಣ ದಾರಿಗಳಿಗೆ ನುಗ್ಗೀತು. ಅಂಥದ್ದಕ್ಕೆ ಇಳಿಸಿ ತುಂಬುವುದನ್ನೇ ಕೆಲವು ನೂರು ಕಿಲೋಮೀಟರ್ ಅಂತರದಲ್ಲಿ ಎರಡು ಮೂರು ಸಲ ಮಾಡುವುದು ಮೇಲು. ಇನ್ನು ‘ಗಾಡಿ ಎಳೀವಲ್ದು’ ಎಂಬ ಹಂತ ಮುಟ್ಟಿದ್ದರೆ, ಬರೀ ಎಣ್ಣೆಯಿಂದ ವಾಸಿಯಾದೀತೆಂದು ನಂಬಬೇಡಿ.

‘ಜೀವಮಾನಕ್ಕೆ ಒಂದೇ ಎಣ್ಣೆ’ ಎನ್ನುವ ಮಾತೂ ಉಂಟು. ಯಾರ ಜೀವಮಾನ ಎಂದು ಕೇಳಬೇಕು! ಬಿಸಿಲು, ಭಾರ, ನಿಂತು–ನಿಂತು ಓಡುವ ಗಾಡಿಗೆ ಕೈಪಿಡಿಗಳೇ ಬೇಗ ಬದಲಿಸಲು ಹೇಳುತ್ತವೆ. ಬ್ಯಾಡಗಿ ಸುಗ್ಗಿಯಲ್ಲಿ ಈ ಮೂರೂ ಇವೆ.

ಹಾವೇರಿ–ರಾಣೆಬೆನ್ನೂರು ನಡುವೆ ಹೆದ್ದಾರಿ 48ರಲ್ಲಿ ಆಟೊಮ್ಯಾಟಿಕ್ ಕಾರು ಕೈಕೊಟ್ಟರೆ ತಳ್ಳಿ ಚಾಲೂ ಮಾಡಲು ಹೋಗಬೇಡಿ, ಹಗ್ಗ ಕಟ್ಟಿ ಎಳೆಸಲೂಬೇಡಿ. ಟಾರ್ಕ್ ಕನ್ವರ್ಟರ್ ಗಾಡಿಯಲ್ಲಿ ಎಂಜಿನ್ ನಿಂತಾಗ ಗೇರ್ ಬಾಕ್ಸಿನ ಎಣ್ಣೆ ಪಂಪೂ ನಿಂತಿರುತ್ತದೆ. ಗಾಲಿ ಉರುಳಿದಷ್ಟೂ ಒಳಗೆ ಒಣಗಿ ಉಜ್ಜುತ್ತದೆ. ಕಾರನ್ನು ಪೂರ್ತಿ ಮೇಲೇರಿಸಿಕೊಂಡು ಹೋಗುವ ಗಾಡಿಯನ್ನೇ ಕರೆಸಿ.