ಕಡತದ ಕೋಣೆಗೆ ಕಾಲಿಟ್ಟ ಕಂಪ್ಯೂಟರ್

ಚಿಕ್ಕಮಗಳೂರು ಜಿಲ್ಲೆ ಎಂದರೆ ಕಾಫಿ ಎಂದುಕೊಂಡವರು ಕಡೂರಿನಲ್ಲಿ ರೈಲು ಇಳಿದರೆ ತಬ್ಬಿಬ್ಬಾಗುತ್ತಾರೆ. ಇಲ್ಲಿರುವುದು ತೆಂಗು, ರಾಗಿ, ಈರುಳ್ಳಿ. ತರೀಕೆರೆ ಕಡೆ ಅಡಿಕೆ, ಅಜ್ಜಂಪುರದ ಎರೆಹೊಲಗಳಲ್ಲಿ ಮತ್ತೆ ಈರುಳ್ಳಿ. ಈ ಬಯಲುಸೀಮೆಯಲ್ಲಿ ಸರ್ಕಾರ ಎಂದರೆ ತಾಲ್ಲೂಕು ಕಚೇರಿ, ತಾಲ್ಲೂಕು ಕಚೇರಿ ಎಂದರೆ ಪಹಣಿ, ಅಂದರೆ ಜಮೀನಿನ ಹಕ್ಕು ಮತ್ತು ಬೆಳೆಯ ದಾಖಲೆ.

ಕಾಗದಪತ್ರಕ್ಕೂ ಈ ಊರುಗಳಿಗೂ ಹಳೆಯ ನಂಟು. ಜಿಲ್ಲಾಕೇಂದ್ರ 1865ರಲ್ಲೇ ಚಿಕ್ಕಮಗಳೂರಿಗೆ ಹೋದರೂ 1947ರ ತನಕ ಜಿಲ್ಲೆಯ ಹೆಸರು ಕಡೂರು ಎಂದೇ ಇತ್ತು. ಅಜ್ಜಂಪುರದ ಕಥೆ ಇದರ ತಿರುವುಮುರುವು. ತರೀಕೆರೆಯ ಹೋಬಳಿಯಾಗಿದ್ದ ಅದು, 2017ರ ಬಜೆಟ್‌ನಲ್ಲಿ ಘೋಷಣೆಯಾದ 49 ಹೊಸ ತಾಲ್ಲೂಕುಗಳ ಪಟ್ಟಿಯಲ್ಲಿ ಸೇರಿತು. ಹಾಗಾಗಿ ಇಂದಿನ ಅಜ್ಜಂಪುರದ ರೈತನ ಅಜ್ಜ ಪಡೆದ ಸಾಗುವಳಿ ಚೀಟಿಯ ಮೇಲೆ ತರೀಕೆರೆಯ ಮೊಹರು!

1963ರಲ್ಲಿ ಶಾನುಭೋಗಿಕೆ ರದ್ದಾದ ಮೇಲೂ ಪಹಣಿ ಕೈಬರಹದ ಆಸ್ತಿಯಾಗಿಯೇ ಉಳಿದಿತ್ತು. ಪುಸ್ತಕ ಗ್ರಾಮಲೆಕ್ಕಿಗರ ಚೀಲದಲ್ಲಿ, ರೈತ ಅವರ ಬೆನ್ನ ಹಿಂದೆ. ಪಹಣಿಯನ್ನು ಕಂಪ್ಯೂಟರಿಗೆ ಏರಿಸುವ 'ಭೂಮಿ' ಯೋಜನೆ ಬಂದದ್ದು ಈ ಸ್ಥಿತಿಯಲ್ಲಿ. 2002ರ ಹೊತ್ತಿಗೆ ರಾಜ್ಯದ ಆಗಿನ 177 ತಾಲ್ಲೂಕುಗಳಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದ್ದವು. ಆಗ 15 ರೂಪಾಯಿ ಕೊಟ್ಟರೆ ಕೌಂಟರಿನಲ್ಲಿ ಪ್ರತಿ ಸಿಗುತ್ತಿತ್ತು. ಅದಕ್ಕಿಂತ ದೊಡ್ಡ ಬದಲಾವಣೆ ಒಳಗಡೆ ಆದದ್ದು: ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕು, ಅಧಿಕಾರಿ ಬೆರಳಚ್ಚು ಒತ್ತಿಯೇ ಒಳಹೊಕ್ಕಬೇಕು. ಯಾರ ಕೈ ಎಲ್ಲಿ ಆಡಿತು ಎಂಬುದಕ್ಕೆ ಗುರುತು ಉಳಿಯುವಂತಾಯಿತು.

ಪಹಣಿ ಓದಲು ಬಂದರೆ ಅರ್ಧ ಊರಿನ ಚರಿತ್ರೆ ತಿಳಿದಂತೆ. 9ನೇ ಕಾಲಂ ಕಬ್ಜೇದಾರನ ಹೆಸರು ಹೇಳಿದರೆ, 10ನೆಯದು ಜಮೀನು ಅವನಿಗೆ ದಕ್ಕಿದ ಬಗೆಯನ್ನೂ 11ನೆಯದು ಬ್ಯಾಂಕಿನ ಸಾಲವನ್ನೂ ಹೇಳುತ್ತದೆ. ಬೆಳೆ 12ನೇ ಕಾಲಂನಲ್ಲಿ. ಬೆಳೆಯ ಮಾಹಿತಿಯನ್ನು 2020ರಿಂದ ರೈತರೇ ಮೊಬೈಲಿನಲ್ಲಿ ಫೋಟೊ ಹೊಡೆದು ತುಂಬಬಹುದು. ಮಳೆ ಕೈಕೊಡುವುದು ಹೊಸದಲ್ಲದ ಕಡೂರಿನಂಥ ಕಡೆ ಇದು ಹೊಟ್ಟೆಪಾಡಿನ ವಿಚಾರ. 2023ರ ಬರದಲ್ಲಿ ಪರಿಹಾರದ ಹಣ ಜಮಾ ಆದದ್ದು ರೈತರ ನೋಂದಣಿಯ 'ಫ್ರೂಟ್ಸ್' ತಂತ್ರಾಂಶ ಕೊಡುವ ಎಫ್‌ಐಡಿ ಎಂಬ ಗುರುತಿನ ಸಂಖ್ಯೆ ನೋಡಿಯೇ. ಸಂಖ್ಯೆ ಇಲ್ಲದವರು, ಇದ್ದರೂ ಎಲ್ಲ ಸರ್ವೆ ನಂಬರ್ ಸೇರಿಸದವರು ಮತ್ತೆ ಕಚೇರಿಯ ಮೆಟ್ಟಿಲು ಹತ್ತಬೇಕಾಯಿತು.

ಆದರೆ ಕಂಪ್ಯೂಟರಿಗೆ ಏರಿದ್ದು ಅಂದಿನ ಪಹಣಿ ಮಾತ್ರ. ಅದರ ಹಿಂದಿನ ಮೂಲ ಮಂಜೂರಾತಿ ಕಡತ, ದರಖಾಸ್ತು ವಹಿ, ಹಳೆಯ ಎಂಆರ್ (ಖಾತೆ ಬದಲಾವಣೆಯ ವಹಿ) ಎಲ್ಲವೂ ರೆಕಾರ್ಡ್ ರೂಮಿನ ಕೆಂಪು ಬಟ್ಟೆಯ ಗಂಟುಗಳಲ್ಲೇ ಉಳಿದವು. ತಕರಾರು ಹುಟ್ಟುವುದೂ ಅಲ್ಲೇ. ಹಾಳೆ ಕಳೆಯುತ್ತದೆ, ಕೆಲವೊಮ್ಮೆ ಹೊಸ ಹಾಳೆ ಸೇರಿಕೊಳ್ಳುತ್ತದೆ. ಕಡೂರು, ಮೂಡಿಗೆರೆ ತಾಲ್ಲೂಕುಗಳ ಜಮೀನು ಮಂಜೂರಾತಿಯಲ್ಲಿ ಅಕ್ರಮ ನಡೆದಿದೆ ಎಂಬ ದೂರು ಬಂದಾಗ, 2023ರಲ್ಲಿ ಸರ್ಕಾರ ತಹಶೀಲ್ದಾರರ ತಂಡವನ್ನೇ ಪರಿಶೀಲನೆಗೆ ಕೂರಿಸಬೇಕಾಯಿತು. 2024ರಲ್ಲಿ ಶುರುವಾದ 'ಭೂ ಸುರಕ್ಷಾ' ಯೋಜನೆ ಈ ಗಂಟುಗಳನ್ನೇ ಬಿಚ್ಚಿ ಪುಟ ಪುಟ ಸ್ಕ್ಯಾನ್ ಮಾಡುತ್ತಿದೆ. ಇಪ್ಪತ್ತು ವರ್ಷ ತಡವಾಯಿತು ಎನ್ನದೆ ವಿಧಿಯಿಲ್ಲ.

ಬಗರ್‌ಹುಕುಂ, ಅಂದರೆ ಮಂಜೂರಾತಿ ಇಲ್ಲದೆ ಸರ್ಕಾರಿ ಜಮೀನು ಉಳುವುದು, ಇನ್ನೂ ಜಟಿಲ. ಅದನ್ನು ಸಕ್ರಮ ಮಾಡಿ ಎಂದು ಕೋರುವ ನಮೂನೆ 57ರ ಅರ್ಜಿದಾರ 2005ರ ಜನವರಿ 1ಕ್ಕೆ ಮೊದಲೇ ಉಳುಮೆಯಲ್ಲಿದ್ದಿರಬೇಕು. ಮೊದಲೆಲ್ಲ ಇದಕ್ಕೆ ಸಾಕ್ಷಿ ಊರವರ ಹೇಳಿಕೆ, ಮಹಜರು. ಈಗ ಬಗರ್‌ಹುಕುಂ ಆ್ಯಪ್ ಹಿಡಿದು ಸಿಬ್ಬಂದಿ ಜಾಗದ ಸುತ್ತ ನಡೆದು ಗಡಿ ಗುರುತಿಸುತ್ತಾರೆ; ಅದನ್ನು ಹಳೆಯ ಉಪಗ್ರಹ ಚಿತ್ರದೊಂದಿಗೆ ತಾಳೆ ನೋಡಲಾಗುತ್ತದೆ. ಗೋಮಾಳ, ಅಮೃತಮಹಲ್ ದನಗಳ ಕಾವಲುಗಳು ಹರಡಿರುವ ಈ ಸೀಮೆಗೆ ಇಂಥ ತಾಳೆ ಬಹಳ ಬೇಕು. ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವೇ ಇದೆ; ಕಡೂರಿನ ಬಾಸೂರು ಕಾವಲು ಕೃಷ್ಣಮೃಗಗಳ ಮೀಸಲು ಪ್ರದೇಶ. ಅರ್ಜಿ ಹಾಕಲು ಬಾರದ ಫಲಾನುಭವಿಗಳು ಈ ದನಗಳು, ಮೃಗಗಳು.

ಮಂಜೂರಾತಿ ಸಿಕ್ಕಿತು, ಪಹಣಿಯೂ ಬಂತು ಎನ್ನಿ. ಪೋಡಿ, ಅಂದರೆ ಪ್ರತಿ ತುಂಡನ್ನೂ ಅಳೆದು ಬೇರ್ಪಡಿಸುವುದು, ಆಗದಿದ್ದರೆ ಒಂದೇ ಸರ್ವೆ ನಂಬರಿನಲ್ಲಿ ಹತ್ತಾರು ಹೆಸರು. ಯಾರ ತುಂಡು ಎಲ್ಲಿ ಎಂಬುದಕ್ಕೆ ನಕ್ಷೆ ಇಲ್ಲ, ಮಾರಾಟಕ್ಕೆ ಬೇಕಾದ 11-ಇ ಸ್ಕೆಚ್ ಸಿಗುವುದಿಲ್ಲ. 'ದಿಶಾಂಕ್' ಆ್ಯಪ್ ಮೊಬೈಲಿನಲ್ಲೇ ಸರ್ವೆ ನಂಬರ್ ತೋರಿಸುತ್ತದೆ, ಬದು ಇತ್ಯರ್ಥ ಮಾಡುವುದಿಲ್ಲ. ಅದಕ್ಕೆ ಭೂಮಾಪಕರೇ ಬರಬೇಕು. ಈಚೆಗೆ ಅವರ ಕೈಗೆ ಉಪಗ್ರಹದ ಸಂಕೇತ ಹಿಡಿಯುವ ರೋವರ್ ಬಂದಿದ್ದು, ಅಳತೆ ಬೇಗ ಮುಗಿಯುತ್ತದೆ. ಆದರೆ ರೋವರ್ ಲೆಕ್ಕ ಹೇಳುವುದು ಮೀಟರಿನಲ್ಲಿ. ಸರ್ವೆಯ ಮೂಲ ಟಿಪ್ಪಣಿಯಲ್ಲಿರುವುದು 33 ಅಡಿಯ ಸರಪಳಿ, ಸರಪಳಿಗೆ 16 ಆಣೆ. ಎರಡನ್ನೂ ಹೊಂದಿಸಿ, ನೋಟಿಸು ಪಡೆದ ಅಕ್ಕಪಕ್ಕದ ಹಿಡುವಳಿದಾರರನ್ನು ಒಪ್ಪಿಸಿ, ಕಲ್ಲು ನೆಡಿಸುವ ಹೊತ್ತಿಗೆ ಮಧ್ಯಾಹ್ನ ದಾಟಿರುತ್ತದೆ.