ಶೆಡ್ಡಿನಲ್ಲಿ ಹಳೇ ಲ್ಯಾಂಬ್ರೆಟಾ, ಚೇತಕ್ ಇದೆಯಾ? ಗುಜರಿಗೆ ಹಾಕುವ ಮೊದಲು ಇದನ್ನು ಓದಿ

ಅಂಗಡಿ ಗೋಡೌನಿನ ಮೂಲೆಯಲ್ಲೋ ಹಿತ್ತಲಿನ ಶೆಡ್ಡಿನಲ್ಲೋ ಹಳೇ ಸ್ಕೂಟರ್ ಒಂದು ಧೂಳು ಹಿಡಿದು ನಿಂತಿರುವ ಮನೆಗಳು ನಮ್ಮ ಕಡೆ ಈಗಲೂ ಇವೆ. ಅಪ್ಪನೋ ಅಜ್ಜನೋ ಓಡಿಸಿದ ಗಾಡಿ. ಗುಜರಿಯವರು ಬಂದು ತೂಕದ ಲೆಕ್ಕದಲ್ಲಿ ರೇಟು ಹೇಳ್ತಾರೆ. ಮನೆ ಹುಡುಗರು ಹೊಸ ಬಣ್ಣ ಹೊಡೆಸಿ ಓಡಿಸೋಣ ಅಂತಾರೆ. ಮಾರುವುದಾದರೂ ಸರಿ, ಉಳಿಸಿಕೊಳ್ಳುವುದಾದರೂ ಸರಿ, ಕ್ರಮ ಒಂದೇ: ಮೊದಲು ಕಾಗದ, ಆಮೇಲೆ ಇಂಜಿನ್, ಕೊನೆಗೆ ಬಣ್ಣ. ಇದನ್ನು ಹಿಂದುಮುಂದು ಮಾಡಿದವರೇ ದುಡ್ಡು ಕಳೆದುಕೊಳ್ಳುವುದು.

ಇವು ಇಟಲಿ ಗಾಡಿ ಹೇಗೆ?

ಎರಡನೇ ಮಹಾಯುದ್ಧ ಮುಗಿದ ಮೇಲೆ ಇಟಲಿಯಲ್ಲಿ ಜನರಿಗೆ ಅಗ್ಗದ ವಾಹನ ಬೇಕಿತ್ತು. ಪಿಯಾಜಿಯೋ ಕಂಪನಿ 1946ರಲ್ಲಿ ವೆಸ್ಪಾ ತಂದಿತು. ಅದನ್ನು ರೂಪಿಸಿದ ಕೊರಾಡಿನೊ ಡಿ'ಅಸ್ಕಾನಿಯೊ ವಿಮಾನದ ಇಂಜಿನಿಯರ್. ಮರುವರ್ಷ ಮಿಲಾನ್‌ನ ಇನೊಸೆಂಟಿ ಕಂಪನಿಯಿಂದ ಲ್ಯಾಂಬ್ರೆಟಾ ಬಂತು.

ಎರಡೂ ಭಾರತದಲ್ಲೇ ತಯಾರಾದವು. ಲ್ಯಾಂಬ್ರೆಟಾವನ್ನು ಮುಂಬೈನ ಎಪಿಐ ಕಂಪನಿ 1950ರ ದಶಕದಲ್ಲೇ ತಂದಿತು. ವೆಸ್ಪಾವನ್ನು ಪಿಯಾಜಿಯೋ ಪರವಾನಗಿ ಪಡೆದು ಬಜಾಜ್ ಮಾಡಿತು. ಆ ಒಪ್ಪಂದ 1971ರಲ್ಲಿ ಮುಗಿದ ಮೇಲೆ, 1972ರಲ್ಲಿ, ಅದೇ ವೆಸ್ಪಾ ವಿನ್ಯಾಸದ ಮೇಲೆ ಚೇತಕ್ ಬಂತು. ಅದೇ ವರ್ಷ ಲಖನೌದಲ್ಲಿ ಶುರುವಾದ ಸರ್ಕಾರಿ ಕಂಪನಿ ಸ್ಕೂಟರ್ಸ್ ಇಂಡಿಯಾ, ಇನೊಸೆಂಟಿಯ ಯಂತ್ರಗಳನ್ನೇ ಕೊಂಡು ತಂದು ವಿಜಯ್ ಸೂಪರ್ ಮಾಡಿತು. ಆಮೇಲೆ ಕಾನ್ಪುರದ ಎಲ್‌ಎಂಎಲ್ ವೆಸ್ಪಾ ಬಂತು. ಹೀಗಾಗಿ ನಿಮ್ಮ ಮನೆಯ ಚೇತಕ್‌ಗೂ ವಿಜಯ್ ಸೂಪರ್‌ಗೂ ಮೂಲ ಇಟಲಿಯೇ.

ಮೊದಲು ಕಾಗದ

ಸೈಡ್ ಪ್ಯಾನೆಲ್ ತೆಗೆದು, ಮಣ್ಣು-ಎಣ್ಣೆ ಒರೆಸಿ, ಚಾಸಿ ನಂಬರ್ ಮತ್ತು ಇಂಜಿನ್ ನಂಬರ್ ಓದಿ. ಆರ್‌ಸಿಯಲ್ಲಿ ಇರುವುದಕ್ಕೆ ತಾಳೆ ಆಗುತ್ತದೆಯಾ ನೋಡಿ. ಆಗದಿದ್ದರೆ ಒಂದು ರೂಪಾಯಿಯನ್ನೂ ರಿಪೇರಿಗೆ ಹಾಕಬೇಡಿ. ಮೊದಲು ಆರ್‌ಟಿಒದಲ್ಲಿ ವಿಚಾರಿಸಿ. 'ಕೆಎ' ಸರಣಿಗೂ ಮೊದಲಿನ ನಂಬರ್ ಆದರೆ ದಾಖಲೆ ಕಂಪ್ಯೂಟರಿನಲ್ಲಿ ಇಲ್ಲದೆ ಹಳೇ ರಿಜಿಸ್ಟರ್‌ನಿಂದ ಹತ್ತಿಸಬೇಕಾಗಬಹುದು. ಅದಕ್ಕೆ ಓಡಾಟ ಬೇಕು.

ಆರ್‌ಸಿ ತೀರಿಕೊಂಡ ಅಪ್ಪನ ಹೆಸರಲ್ಲೇ ಇದೆಯಾ? ವಾರಸುದಾರರು ಮರಣ ಪ್ರಮಾಣಪತ್ರದ ಜೊತೆ ಫಾರಂ 31 ಕೊಟ್ಟು ವರ್ಗಾಯಿಸಿಕೊಳ್ಳಬೇಕು. 15 ವರ್ಷ ದಾಟಿದ ಗಾಡಿಗೆ ಫಾರಂ 25ರಲ್ಲಿ ಅರ್ಜಿ ಹಾಕಿ, ತಪಾಸಣೆ ಮಾಡಿಸಿದರೆ 5 ವರ್ಷಕ್ಕೆ ನವೀಕರಣ ಆಗುತ್ತದೆ. 20 ವರ್ಷ ಮೀರಿದ ದ್ವಿಚಕ್ರ ವಾಹನಕ್ಕೆ 2025ರ ಆಗಸ್ಟ್‌ನಿಂದ ಕೇಂದ್ರದ ಶುಲ್ಕ 2,000 ರೂಪಾಯಿ. ಹಸಿರು ತೆರಿಗೆ, ವಿಮೆ ಬೇರೆ.

ಮಾರುವವರು ಇನ್ನೂ ಹುಷಾರಾಗಿರಬೇಕು. ಕೈಗೆ ದುಡ್ಡು ಬಂತು ಅಂತ ಗಾಡಿ ಕೊಟ್ಟುಬಿಟ್ಟರೆ ಆರ್‌ಸಿ ನಿಮ್ಮ ಹೆಸರಲ್ಲೇ ಉಳಿಯುತ್ತದೆ. ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆಯೂ ಅವರದ್ದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಆದ್ದರಿಂದ ಫಾರಂ 29, 30 ಸಹಿ ಮಾಡಿಸಿ, ಹೆಸರು ಬದಲಾಗುವವರೆಗೆ ಬೆನ್ನು ಬಿಡಬೇಡಿ. ಗುಜರಿಗೇ ಹಾಕುವುದಾದರೆ ಆರ್‌ಟಿಒಗೆ ತಿಳಿಸಿ ನೋಂದಣಿ ರದ್ದು ಮಾಡಿಸಿ.

ಆಮೇಲೆ ಇಂಜಿನ್

ಎಷ್ಟೋ ವರ್ಷದಿಂದ ನಿಂತ ಗಾಡಿಗೆ ಎದ್ದೂಬಿದ್ದು ಕಿಕ್ ಹೊಡೆಯಬೇಡಿ. ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ಸ್ವಲ್ಪ 2ಟಿ ಆಯಿಲ್ ಬಿಟ್ಟು, ಒಂದು ರಾತ್ರಿ ಹಾಗೇ ಇಡಿ. ಮರುದಿನ ಕಿಕ್ಕರನ್ನು ಕೈಯಿಂದ ಮೆಲ್ಲಗೆ ಒತ್ತಿ ನೋಡಿ. ಪಿಸ್ಟನ್ ಹಿಡಿದಿದ್ದರೆ ಬಲ ಹಾಕಿದಷ್ಟೂ ಕೆಲಸ ಕೆಡುತ್ತದೆ.

ಟ್ಯಾಂಕಿನ ಹಳೇ ಪೆಟ್ರೋಲ್ ಪೂರ್ತಿ ಚೆಲ್ಲಿ, ತುಕ್ಕು ತೊಳೆಸಿ. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ. ಎಥೆನಾಲ್ ನೀರು ಹೀರಿಕೊಳ್ಳುತ್ತದೆ, ಹಳೇ ರಬ್ಬರ್ ಪೈಪು-ವಾಷರುಗಳನ್ನು ಮೆತ್ತಗೆ ಮಾಡುತ್ತದೆ. ಪೈಪು, ಪೆಟ್ರೋಲ್ ಕಾಕ್ ವಾಷರ್ ಹೊಸದು ಹಾಕಿಸಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಟ್ಯಾಂಕ್ ಖಾಲಿ ಮಾಡಿ.

ಇವು ಟೂ ಸ್ಟ್ರೋಕ್ ಇಂಜಿನ್. ಪೆಟ್ರೋಲಿಗೆ ಎಣ್ಣೆ ಬೆರೆಸದಿದ್ದರೆ ಪಿಸ್ಟನ್ ಸೀಜ್ ಆಗುತ್ತದೆ. ಚೇತಕ್ ಮಾದರಿಗೆ ಸಾಮಾನ್ಯವಾಗಿ ಲೀಟರಿಗೆ 20 ಮಿಲಿ 2ಟಿ ಆಯಿಲ್. ಹಳೇ ಲ್ಯಾಂಬ್ರೆಟಾಗಳಲ್ಲಿ 40 ಮಿಲಿ ಬೇಡುವವೂ ಇವೆ, ಆ ಗಾಡಿ ಓಡಿಸಿ ಗೊತ್ತಿರುವ ಮೆಕ್ಯಾನಿಕ್‌ಗೆ ತೋರಿಸಿ ಕೇಳಿ. ಬೆರೆಸಿದ ಪೆಟ್ರೋಲ್ ಕೊಡುವ ಬಂಕುಗಳು ಈಗ ಅಪರೂಪ, ಡಿಕ್ಕಿಯಲ್ಲಿ ಎಣ್ಣೆ ಬಾಟಲಿ ಇರಲಿ.

ಸ್ಕೂಟರನ್ನು ಓರೆ ಮಾಡಿ ಕಿಕ್ ಹೊಡೆಯುವುದು ಎಲ್ಲರಿಗೂ ಗೊತ್ತು. ಆದರೆ ದಿನಾ ಓರೆ ಮಾಡಲೇಬೇಕು ಅಂದರೆ ದೋಷ ಪ್ಲಗ್, ಸಿಬಿ ಪಾಯಿಂಟ್ ಅಥವಾ ಕಾರ್ಬುರೇಟರ್ ಜೆಟ್‌ನಲ್ಲಿದೆ. ಚೇತಕ್‌ನಲ್ಲಿ ಬಿಳಿ ಹೊಗೆ ಜಾಸ್ತಿಯಾಗಿ ಗೇರ್ ಆಯಿಲ್ ಕಮ್ಮಿ ಆಗುತ್ತಿದ್ದರೆ ಕ್ಲಚ್ ಕಡೆಯ ಆಯಿಲ್ ಸೀಲ್ ಹೋಗಿದೆ ಅಂತ ಅನುಮಾನಿಸಿ.

ಪಂಕ್ಚರ್ ಅಂಗಡಿಯವರಿಗೆ ಒಂದು ಮಾತು: ಈ ಚಕ್ರಗಳ ರಿಮ್ ಎರಡು ಹೋಳು. ಗಾಳಿ ಪೂರ್ತಿ ಬಿಡದೆ ಹೋಳು ಕೂಡಿಸಿದ ನಟ್ ಬಿಚ್ಚಿದರೆ ಸಿಡಿಯುತ್ತದೆ. ಬೈಕ್ ಚಕ್ರ ಮಾತ್ರ ಕಂಡಿರುವ ಹೊಸ ಹುಡುಗರಿಗೆ ಇದನ್ನು ಹೇಳಿಕೊಡಿ.

ಚೇತಕ್ ಬಿಡಿಭಾಗ ಲಕ್ಷಗಟ್ಟಲೆ ಗಾಡಿ ಓಡಿದ್ದರಿಂದ ಈಗಲೂ ಸಿಗುತ್ತವೆ. ಇಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಕೇಳಬಹುದು. ಲ್ಯಾಂಬ್ರೆಟಾಗೆ ಹುಡುಕಾಟ ಜಾಸ್ತಿ. ಹಳೇ ಪಾರ್ಟ್ ಬಿಚ್ಚಿದ್ದನ್ನು ಬಿಸಾಡಬೇಡಿ.

ಕೊನೆಗೆ ಬಣ್ಣ

ವೆಸ್ಪಾ, ಚೇತಕ್‌ಗೆ ಪ್ರತ್ಯೇಕ ಚಾಸಿ ಇಲ್ಲ, ತಗಡಿನ ಬಾಡಿಯೇ ಚಾಸಿ. ಕಾಲಿಡುವ ಜಾಗ ತುಕ್ಕು ತಿಂದಿದ್ದರೆ ಗಾಡಿಯ ಬೆನ್ನೆಲುಬೇ ಹೋದಂತೆ. ಅದಕ್ಕೆ ತಗಡು ಕತ್ತರಿಸಿ ವೆಲ್ಡಿಂಗ್ ಮಾಡಬೇಕೇ ಹೊರತು ಪುಟ್ಟಿ ಮೆತ್ತಿ ಬಣ್ಣ ಹೊಡೆಯಬಾರದು. ಕೊಳ್ಳುವವರು ಒಂದು ಆಯಸ್ಕಾಂತ ಜೇಬಲ್ಲಿಟ್ಟುಕೊಂಡು ಹೋಗಿ. ದಪ್ಪ ಪುಟ್ಟಿ ಇರುವ ಕಡೆ ಅದು ಅಂಟುವುದಿಲ್ಲ.

ಬಣ್ಣ ಬದಲಾದರೆ ಆರ್‌ಸಿಯಲ್ಲೂ ಬದಲಾಯಿಸಿ. ಹ್ಯಾಂಡಲ್ ಕತ್ತರಿಸುವುದು, ಬೇರೆ ಇಂಜಿನ್ ಕೂರಿಸುವುದು, ಸದ್ದಿನ ಸೈಲೆನ್ಸರ್ ಹಾಕುವುದು ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರ ಅಡಿ ಬರುತ್ತದೆ. ಅನುಮತಿ ಇಲ್ಲದ ಪ್ರತಿ ಬದಲಾವಣೆಗೆ 5,000 ರೂಪಾಯಿವರೆಗೆ ದಂಡ, ಆರು ತಿಂಗಳವರೆಗೆ ಜೈಲು ಸಹ ಆಗಬಹುದು.

50 ವರ್ಷ ದಾಟಿದ್ದರೆ

2021ರ ಕೇಂದ್ರ ನಿಯಮದಂತೆ 50 ವರ್ಷ ಮೀರಿದ, ಮೂಲರೂಪ ಕೆಡದ ಗಾಡಿಯನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ 10 ವರ್ಷ. ಆದರೆ ಆ ಗಾಡಿ ಪ್ರದರ್ಶನ, ರ‍್ಯಾಲಿಗಷ್ಟೇ. ದಿನಾ ಅಂಗಡಿಗೆ ಸಾಮಾನು ಹೇರಿಕೊಂಡು ಬರುವಂತಿಲ್ಲ. ಓಡಿಸುವ ಆಸೆ ಇದ್ದವರಿಗೆ ಮಾಮೂಲಿ ನವೀಕರಣವೇ ಸರಿ.

ಇನ್ನು ತೀರ್ಮಾನ ನಿಮ್ಮದು. ಕಾಗದ ಸರಿ ಇದ್ದು, ಬಾಡಿ ಗಟ್ಟಿಯಿದ್ದರೆ ತೂಕಕ್ಕೆ ಕೊಡಬೇಡಿ, ಇಂಥ ಗಾಡಿ ಹುಡುಕಿಕೊಂಡು ಬರುವವರಿದ್ದಾರೆ. ಕಾಗದವೂ ಇಲ್ಲ, ತಗಡೂ ಇಲ್ಲ ಅಂದರೆ ಸಾಲ ಮಾಡಿ ರಿಪೇರಿಗೆ ಇಳಿಯಬೇಡಿ. ಈ ವಾರ ಬಿಡುವು ಮಾಡಿಕೊಂಡು ಆರ್‌ಸಿ ಹುಡುಕಿ, ಚಾಸಿ ನಂಬರ್ ಒರೆಸಿ ಓದಿ. ಗುಜರಿಯವರು ಮತ್ತೆ ಬರುವಷ್ಟರಲ್ಲಿ ಏನು ಹೇಳಬೇಕು ಅನ್ನೋದು ನಿಮಗೆ ಗೊತ್ತಿರುತ್ತದೆ.