ಪಸೆ ಆರಿದ ಬಾಯಿಗೆ ಮತ್ತೆ ನೀರೂರಿಸಲು

ನಮ್ಮ ದೊಡ್ಡಪ್ಪನಿಗೆ ಗಂಟಲಿನ ಕ್ಯಾನ್ಸರ್ ವಾಸಿಯಾಗಿ ಆರು ವರ್ಷವಾಯಿತು. ಮನೆಗೆ ಬಂದ ನೆಂಟರೆಲ್ಲ ‘ದೇವರು ದೊಡ್ಡವನು, ಗೆದ್ದು ಬಂದಿರಿ’ ಎನ್ನುತ್ತಾರೆ. ದೊಡ್ಡಪ್ಪ ತಲೆಯಾಡಿಸುತ್ತಾರೆ. ಆದರೆ ಮದುವೆ ಮನೆಗಳಲ್ಲಿ ಪಂಕ್ತಿಗೆ ಕೂರುವುದನ್ನು ಅವರು ಬಿಟ್ಟೇಬಿಟ್ಟಿದ್ದಾರೆ. ರೊಟ್ಟಿ ಮುರಿದು ಬಾಯಿಗಿಟ್ಟರೆ ಅಂಗುಳಿಗೆ ಅಂಟಿಕೊಂಡು ಅಲ್ಲೇ ಕೂರುತ್ತದೆ. ಒಂದೊಂದು ತುತ್ತಿಗೂ ಒಂದೊಂದು ಗುಟುಕು ನೀರು ಬೇಕು. ಅವಲಕ್ಕಿ, ಚಕ್ಕುಲಿಗಳ ಮಾತೇ ಇಲ್ಲ. ಸಾರಿಗೆ ಖಾರ ಚೂರು ಹೆಚ್ಚಾದರೂ ನಾಲಿಗೆ ಉರಿ. ರಾತ್ರಿ ನಾಲ್ಕೈದು ಸಲ ಎದ್ದು ತಂಬಿಗೆಗೆ ಕೈ ಚಾಚುತ್ತಾರೆ. ಫೋನಿನಲ್ಲಿ ಐದು ನಿಮಿಷ ಮಾತಾಡುವಷ್ಟರಲ್ಲಿ ತುಟಿ ಹಲ್ಲಿಗೆ ಅಂಟಿ ಮಾತು ತೊಡರುತ್ತದೆ. ಗಡ್ಡೆಯನ್ನು ಸುಡಲು ಕೊಟ್ಟ ಕರೆಂಟು (ವಿಕಿರಣ ಚಿಕಿತ್ಸೆಯನ್ನು ನಮ್ಮ ಕಡೆ ಹೀಗೇ ಕರೆಯುವುದು) ಪಕ್ಕದಲ್ಲಿದ್ದ ಲಾಲಾಗ್ರಂಥಿಗಳನ್ನೂ ಸುಟ್ಟಿತ್ತು.

ಹೆದರಿದಾಗ ‘ಬಾಯಿಯ ಪಸೆ ಆರಿತು’ ಎನ್ನುತ್ತೇವೆ. ಹೆದರಿಕೆ ಇಳಿದರೆ ಪಸೆ ಮರಳುತ್ತದೆ. ದೊಡ್ಡಪ್ಪನಂಥವರಿಗೆ ಅದು ಮರಳುವುದಿಲ್ಲ. ಈ ಪಾಡನ್ನು ಚಿಲ್ಲರೆ ತೊಂದರೆ ಎಂದು ತಳ್ಳಿಹಾಕದೆ, ಬತ್ತಿದ ಬಾಯಲ್ಲಿ ಮತ್ತೆ ನೀರೂರಿಸಲು ಹೊರಟವರ ಕೆಲಸವನ್ನು ಇಲ್ಲಿ ಪರಿಚಯಿಸುತ್ತಿದ್ದೇನೆ.

ಆರೋಗ್ಯವಂತರ ಬಾಯಲ್ಲಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರಿನಷ್ಟು ಲಾಲಾರಸ ಊರುತ್ತದೆ. ಕಿವಿಯ ಮುಂದೆ, ದವಡೆಯ ಕೆಳಗೆ, ನಾಲಿಗೆಯ ಅಡಿಯಲ್ಲಿ ಒಂದೊಂದು ಜೋಡಿ, ಹೀಗೆ ಮೂರು ಜೋಡಿ ದೊಡ್ಡ ಗ್ರಂಥಿಗಳು. ಜೊತೆಗೆ ತುಟಿ, ಕೆನ್ನೆ, ಅಂಗುಳಿನಲ್ಲಿ ನೂರಾರು ಪುಟ್ಟ ಗ್ರಂಥಿಗಳು. ಊರುವುದರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲು ನೀರೇ. ಉಳಿದ ಒಂದು ಪಾಲು ಅನ್ನವನ್ನು ಜಾರುವಂತೆ ಮಾಡುತ್ತದೆ, ಹುಳಿಯನ್ನು ತಣಿಸುತ್ತದೆ, ಹಲ್ಲು ಸವೆದಲ್ಲಿ ಸುಣ್ಣದಂಶ ತುಂಬುತ್ತದೆ, ಬೂಷ್ಟನ್ನು ತಡೆಯುತ್ತದೆ. ಆ ಒಂದು ಪಾಲಿನ ಬೆಲೆ ದೊಡ್ಡಪ್ಪನಿಗೆ ಗೊತ್ತಾಗುವಷ್ಟರಲ್ಲಿ ತಡವಾಗಿತ್ತು. ಬಾಯಿ ಒಣಗುತ್ತದೆಂದು ಇಡೀ ದಿನ ಕಲ್ಲುಸಕ್ಕರೆ ಚೀಪುತ್ತಿದ್ದರು. ಲಾಲಾರಸವಿಲ್ಲದ ಬಾಯಲ್ಲಿ ಸಕ್ಕರೆ ನಿಂತರೆ ಹಲ್ಲು ಬುಡದಿಂದ ಕೊಳೆಯುತ್ತದೆ ಎಂದು ಯಾರೂ ಹೇಳಿರಲಿಲ್ಲ. ಎರಡು ವರ್ಷದಲ್ಲಿ ಒಂಬತ್ತು ಹಲ್ಲು ಹೋದವು.

ಒಣಗುವಿಕೆಯನ್ನು ಅಳೆಯುವ ವಿಧಾನ ಬಹಳ ಸರಳ. ರೋಗಿ ಏನನ್ನೂ ತಿನ್ನದೆ, ಕುಡಿಯದೆ ಬಂದು ಕುರ್ಚಿಯಲ್ಲಿ ಕೂರುತ್ತಾರೆ. ತಲೆ ತುಸು ಮುಂದಕ್ಕೆ ಬಾಗಿರುತ್ತದೆ, ಕೈಯಲ್ಲಿ ಮೊದಲೇ ತೂಗಿಟ್ಟ ಸಣ್ಣ ಕೊಳವೆ. ಮಾತಿಲ್ಲ, ನುಂಗುವುದಿಲ್ಲ, ಊರಿದ್ದೆಲ್ಲ ತುಟಿಯಂಚಿನಿಂದ ತಾನಾಗಿ ಕೊಳವೆಗೆ ಇಳಿಯಬೇಕು. ಐದೋ ಹದಿನೈದೋ ನಿಮಿಷದ ನಂತರ ಕೊಳವೆಯನ್ನು ಮತ್ತೆ ತೂಗುತ್ತಾರೆ. ಸಾಮಾನ್ಯರಿಗೆ ನಿಮಿಷಕ್ಕೆ ಸುಮಾರು 0.3 ಮಿಲಿಲೀಟರ್. 0.1ಕ್ಕಿಂತ ಕೆಳಗಿಳಿದರೆ ಗ್ರಂಥಿ ಸೋತಿದೆ ಎಂದರ್ಥ. ದೊಡ್ಡ ದೊಡ್ಡ ಪ್ರಯೋಗಗಳ ಸೋಲು ಗೆಲುವು ಈ ಕೊಳವೆಯ ತೂಕದ ಮೇಲೆ ನಿಂತಿದೆ. ಒಂದು ತೊಡಕೂ ಇದೆ. ಕೊಳವೆ ತುಂಬಿದರೂ ‘ನನ್ನ ಬಾಯಿ ಒಣಗಿಯೇ ಇದೆ’ ಎನ್ನುವವರಿದ್ದಾರೆ. ಹಾಗಾಗಿ ಒಳ್ಳೆಯ ಸಂಶೋಧಕರು ತಕ್ಕಡಿಯನ್ನೂ ಕೇಳುತ್ತಾರೆ, ರೋಗಿಯನ್ನೂ ಕೇಳುತ್ತಾರೆ.

ಈ ಕಾಯಿಲೆಗೆ ಸಿಕ್ಕ ಮೊದಲ ನಿಜವಾದ ಮಾತ್ರೆಯ ಬೇರು ಬ್ರೆಜಿಲ್‌ನ ಕಾಡಿನಲ್ಲಿದೆ. ಅಲ್ಲಿನ ಟುಪಿ ಜನ ‘ಜಬೊರಾಂಡಿ’ ಎಂದು ಕರೆಯುವ ಗಿಡದ ಎಲೆ ಅಗಿದರೆ ಜೊಲ್ಲು ಧಾರೆಯಾಗಿ ಸುರಿಯುತ್ತದೆ. ಹೆಸರಿನ ಅರ್ಥವೂ ಅದೇ. 1870ರ ದಶಕದಲ್ಲಿ ಸಿಂಫ್ರೋನಿಯೊ ಕೌಟಿನ್ಹೊ ಎಂಬ ಬ್ರೆಜಿಲ್‌ನ ವೈದ್ಯ ಈ ಎಲೆಗಳನ್ನು ಪ್ಯಾರಿಸ್‌ಗೆ ಒಯ್ದರು. 1875ರಲ್ಲಿ ಅದರ ಸತ್ವವಾದ ಪೈಲೋಕಾರ್ಪಿನ್ ಬೇರ್ಪಟ್ಟಿತು. ಕಣ್ಣಿನ ಗ್ಲಾಕೋಮಾಕ್ಕೆ ಹನಿಯಾಗಿ ಅದು ಬೇಗನೆ ಬಳಕೆಗೆ ಬಂತು. ಒಣ ಬಾಯಿಯ ಮಾತ್ರೆಯಾಗಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1994ರಲ್ಲಿ. ಕಾಡಿನ ಜನ ಅಗಿದು ತಿಳಿದಿದ್ದು ಔಷಧದ ಅಂಗಡಿಗೆ ಬರಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಇದೇ ಜಾತಿಯ ಇನ್ನೊಂದು ಔಷಧ ಸೆವಿಮೆಲಿನ್ 2000ದಲ್ಲಿ ಬಂತು. ಎರಡೂ ನರಗಳ ಸಂಕೇತವನ್ನು ಅನುಕರಿಸಿ ಗ್ರಂಥಿಯನ್ನು ಎಬ್ಬಿಸುತ್ತವೆ. ಜೊಲ್ಲಿನ ಜೊತೆಗೆ ಮೈಯೆಲ್ಲ ಬೆವರುತ್ತದೆ, ಆಸ್ತಮಾ ಇದ್ದವರಿಗೆ ಅಪಾಯವೂ ಉಂಟು. ಎಲ್ಲಕ್ಕಿಂತ ಮುಖ್ಯವಾಗಿ, ಎಬ್ಬಿಸಲು ಒಳಗೆ ಜೀವವಿರುವ ಕೋಶಗಳು ಉಳಿದಿರಬೇಕು.

ಉಳಿದಿಲ್ಲದಿದ್ದರೆ? ಈ ಪ್ರಶ್ನೆಯ ಬೆನ್ನು ಹತ್ತಿದವರು ಬ್ರೂಸ್ ಬಾಮ್. ಅಮೆರಿಕದ ಬೆಥೆಸ್ಡಾದಲ್ಲಿ 1948ರಲ್ಲಿ ಹುಟ್ಟಿದ ಸರ್ಕಾರಿ ದಂತ ಸಂಶೋಧನಾ ಸಂಸ್ಥೆಯೇ ಅವರ ಕರ್ಮಭೂಮಿ. ವಿಕಿರಣ ತಗುಲಿದಾಗ ಮೊದಲು ಸಾಯುವುದು ನೀರು ಸ್ರವಿಸುವ ಕೋಶಗಳು. ಆ ನೀರನ್ನು ಬಾಯಿಗೆ ಸಾಗಿಸುವ ನಾಳದ ಕೋಶಗಳು ಬಹುಪಾಲು ಬದುಕಿ ಉಳಿಯುತ್ತವೆ. ಆದರೆ ಅವು ನೀರನ್ನು ತಮ್ಮ ಮೂಲಕ ಹಾಯಲು ಬಿಡುವುದಿಲ್ಲ. ಬಾಮ್ ಅವರಿಗೆ ಹೊಳೆದದ್ದು ಇಷ್ಟು: ಬಾವಿ ಬತ್ತಿದೆ, ಕಾಲುವೆ ಉಳಿದಿದೆ, ಕಾಲುವೆಯ ಗೋಡೆಗೇ ತೂತು ಕೊರೆದು ಅಲ್ಲಿಂದ ನೀರು ಜಿನುಗಿಸಬಾರದೇಕೆ?

ತೂತು ಕೊರೆಯುವ ಸಾಧನವೂ ದೂರವೇನಿರಲಿಲ್ಲ. ಪಕ್ಕದ ಬಾಲ್ಟಿಮೋರ್‌ನಲ್ಲಿ ಪೀಟರ್ ಆಗ್ರೆ ಕೆಂಪು ರಕ್ತಕಣಗಳ ಪೊರೆಯಲ್ಲಿ ನೀರಿಗೆಂದೇ ಇರುವ ಬಾಗಿಲನ್ನು ಕಂಡುಹಿಡಿದಿದ್ದರು. ಅದೇ ಅಕ್ವಾಪೋರಿನ್-1. ಆ ಕೆಲಸಕ್ಕೆ ಆಗ್ರೆಗೆ 2003ರಲ್ಲಿ ನೊಬೆಲ್ ಬಂತು. ಬಾಮ್ ತಂಡ ಆ ಬಾಗಿಲಿನ ಜೀನನ್ನು, ಶೀತ ತರಿಸುವ ವೈರಸ್ಸಿನ ಜಾತಿಯ, ಆದರೆ ಮೈಯಲ್ಲಿ ಬೆಳೆಯಲಾಗದಂತೆ ಮಾಡಿದ ಒಂದು ವೈರಸ್ಸಿನೊಳಗೆ ಇರಿಸಿತು. 1997ರಲ್ಲಿ ಇಲಿಗಳಲ್ಲಿ ಅದು ಫಲಿಸಿತು. ಆಮೇಲೆ ಕಿರುಹಂದಿಗಳು, ಆಮೇಲೆ ಮನುಷ್ಯರು.

ಮನುಷ್ಯರ ಮೇಲಿನ ಪ್ರಯೋಗ ನಡೆದ ಬಗೆಯನ್ನು ಓದಿದಾಗ ನನಗೆ ಅಚ್ಚರಿಯಾಯಿತು. ನಾಲಿಗೆಯ ತುದಿಯನ್ನು ಮೇಲಿನ ದವಡೆಹಲ್ಲಿನ ಎದುರಿನ ಕೆನ್ನೆಗೆ ತಾಗಿಸಿ ನೋಡಿ; ಸಣ್ಣ ಗುಬುಟು ಸಿಗುತ್ತದೆ. ಕಿವಿಯ ಮುಂದಿನ ಗ್ರಂಥಿಯ ನಾಳ ತೆರೆಯುವುದು ಅಲ್ಲಿ. ದಾರದಷ್ಟು ಸಪೂರ ಕೊಳವೆಯೊಂದನ್ನು ಆ ರಂಧ್ರದಲ್ಲಿ ತೂರಿಸಿ, ಜೀನು ಹೊತ್ತ ದ್ರವವನ್ನು ಲಾಲಾರಸದ ಹರಿವಿಗೆ ಎದುರಾಗಿ ಒಳಕ್ಕೆ ಬಿಟ್ಟರು. ಕತ್ತಿ ಇಲ್ಲ, ಹೊಲಿಗೆ ಇಲ್ಲ. 2012ರಲ್ಲಿ ಪ್ರಕಟವಾದ ವರದಿಯಂತೆ, ಕರೆಂಟು ಪಡೆದು ವರ್ಷಗಳಾಗಿದ್ದ 11 ಜನರ ಪೈಕಿ 6 ಮಂದಿಯ ಗ್ರಂಥಿಯಲ್ಲಿ ಸ್ರಾವ ಹೆಚ್ಚಿತು. ಅವರಲ್ಲಿ 5 ಮಂದಿ ‘ಬಾಯಿ ಹಿಂದಿನಷ್ಟು ಒಣಗುತ್ತಿಲ್ಲ’ ಎಂದರು. ಫಲ ಕಂಡದ್ದು ಕಡಿಮೆ ಪ್ರಮಾಣ ಪಡೆದವರಿಗೆ. ಹೆಚ್ಚು ಕೊಟ್ಟವರಲ್ಲಿ ಅಲ್ಲ. ಈಗ ಮೀರಾಜಿಟಿಎಕ್ಸ್ ಎಂಬ ಕಂಪನಿ ಬೇರೊಂದು ಸೌಮ್ಯ ವೈರಸ್ಸಿನ ಮೂಲಕ ಇದೇ ದಾರಿಯನ್ನು ಮುಂದುವರಿಸಿ ಎರಡನೇ ಹಂತದ ಪರೀಕ್ಷೆಗೆ ಇಳಿದಿದೆ.

ಇನ್ನೊಂದು ಗುಂಪು ಹೊಸ ಬಾವಿಯನ್ನೇ ತೋಡುವ ಆಸೆಯದು. ನೆದರ್ಲೆಂಡ್ಸ್‌ನ ಗ್ರೋನಿಂಗೆನ್‌ನಲ್ಲಿ ರಾಬ್ ಕೊಪ್ಪೆಸ್ ತಂಡ ಇಲಿಯ ಲಾಲಾಗ್ರಂಥಿಯ ಕಾಂಡಕೋಶಗಳನ್ನು (ಸ್ಟೆಮ್ ಸೆಲ್) ಬೆಳೆಸಿ, ವಿಕಿರಣ ತಗುಲಿದ ಇಲಿಗಳಿಗೆ ಕೂಡಿಸಿ, ಸ್ರಾವ ಮರಳುವುದನ್ನು 2008ರಲ್ಲೇ ತೋರಿಸಿತು. ಕೋಪನ್‌ಹೇಗನ್‌ನಲ್ಲಿ 30 ರೋಗಿಗಳ ಪರೀಕ್ಷೆಯೊಂದರಲ್ಲಿ, ಹೊಟ್ಟೆಯ ಕೊಬ್ಬಿನಿಂದ ತೆಗೆದ ಕಾಂಡಕೋಶಗಳನ್ನು ಗ್ರಂಥಿಗೆ ಚುಚ್ಚಿ ನೋಡಿದರು. 2018ರ ವರದಿ ಆಶೆ ಹುಟ್ಟಿಸುವಂತಿತ್ತು. ಆದರೆ 30 ಜನರ ಪರೀಕ್ಷೆ ದಾರಿ ತೋರಿಸಬಲ್ಲದೇ ಹೊರತು ಮದ್ದೆಂದು ಮಾರಲು ಸಾಲದು. ‘ಸ್ಟೆಮ್ ಸೆಲ್’ ಎಂಬ ಬೋರ್ಡು ಹಾಕಿದಲ್ಲೆಲ್ಲ ಯಾರೂ ದುಡ್ಡು ಸುರಿಯಬಾರದು.

ಅತಿ ಹೆಚ್ಚು ಜನರ ಬಾಯಿ ಉಳಿಸಿದ ಸಂಶೋಧನೆ ಯಾವುದೆಂದು ಕೇಳಿದರೆ ನಾನು ಬೊಟ್ಟು ಮಾಡುವುದು ಬೇರೆಡೆಗೆ. ಅದು ಒಣಗದಂತೆ ಕಾಯುವ ಕೆಲಸ. ಗಡ್ಡೆಯ ಆಕಾರಕ್ಕೆ ತಕ್ಕಂತೆ ಕಿರಣದ ತೀವ್ರತೆಯನ್ನು ಏರಿಳಿಸಿ, ಗ್ರಂಥಿಯನ್ನು ಬಳಸಿ ಹೋಗುವ ವಿಧಾನಕ್ಕೆ ಐಎಂಆರ್‌ಟಿ ಎನ್ನುತ್ತಾರೆ. ಬ್ರಿಟನ್ನಿನಲ್ಲಿ 94 ರೋಗಿಗಳ ಮೇಲೆ ನಡೆದ ‘ಪಾರ್‌ಸ್ಪೋರ್ಟ್’ ಪರೀಕ್ಷೆಯಲ್ಲಿ, ವರ್ಷದ ನಂತರ ಹಳೆಯ ವಿಧಾನದವರಲ್ಲಿ ನೂರಕ್ಕೆ 74 ಮಂದಿಗೆ ಬಾಯಿ ಗಣನೀಯವಾಗಿ ಒಣಗಿತ್ತು. ಐಎಂಆರ್‌ಟಿ ಪಡೆದವರಲ್ಲಿ 38 ಮಂದಿಗೆ. ಈ ಲೆಕ್ಕ ಹೊರಬಿದ್ದದ್ದು 2011ರಲ್ಲಿ. ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯ ವೈದ್ಯರೂ ನಮ್ಮವರ ಮೇಲೆಯೇ ಇಂಥ ಹೋಲಿಕೆ ನಡೆಸಿ, 2012ರಲ್ಲಿ ಅದನ್ನೇ ದೃಢಪಡಿಸಿದರು. ಕೆನಡಾದ ಎಡ್ಮಂಟನ್‌ನಲ್ಲಿ ಹಾದಿ ಸೈಕಲಿ ಮತ್ತು ನರೇಶ್ ಝಾ ಇನ್ನೂ ನೇರವಾದ ಉಪಾಯ ಹೂಡಿದರು. ಕರೆಂಟು ಕೊಡುವ ಮೊದಲೇ ದವಡೆಯ ಕೆಳಗಿನ ಗ್ರಂಥಿಯೊಂದನ್ನು ಗದ್ದದ ಅಡಿಗೆ ಸರಿಸಿ, ಕಿರಣ ಬೀಳದಂತೆ ಮರೆಮಾಡುವುದು.

ಕಿರಣದಿಂದ ಕಾಯಬೇಕಾದ ಜಾಗಗಳು ಇಷ್ಟೇ ಅಲ್ಲ. 2020ರಲ್ಲಿ ಆಮ್‌ಸ್ಟರ್‌ಡಾಮ್‌ನ ಕ್ಯಾನ್ಸರ್ ಸಂಸ್ಥೆಯ ವೈದ್ಯರು ಪ್ರಾಸ್ಟೇಟ್ ಕ್ಯಾನ್ಸರ್‌ನ ಸ್ಕ್ಯಾನ್ ನೋಡುತ್ತಿದ್ದಾಗ, ಮೂಗಿನ ಹಿಂಭಾಗದಲ್ಲಿ ಲಾಲಾಗ್ರಂಥಿಯಂತೆ ಹೊಳೆಯುವ ಒಂದು ಜೋಡಿ ಜಾಗ ಕಂಡಿತು. ಅದು ಹೊಸ ಅಂಗವೋ ಪುಟ್ಟ ಗ್ರಂಥಿಗಳ ಗೊಂಚಲೋ ಎಂಬ ಚರ್ಚೆ ಆಮೇಲೆ ಎದ್ದಿತು. ಚರ್ಚೆ ಏನೇ ಇರಲಿ, ಅಲ್ಲಿಗೆ ಹೆಚ್ಚು ಕಿರಣ ಬಿದ್ದವರಿಗೆ ಬಾಯಿ ಹೆಚ್ಚು ಒಣಗುತ್ತದೆ ಎಂಬುದನ್ನು ಅವರು ಏಳುನೂರಕ್ಕೂ ಹೆಚ್ಚು ರೋಗಿಗಳ ದಾಖಲೆ ತೆಗೆದು ತೋರಿಸಿದರು.

ಕೃತಕ ಲಾಲಾರಸದ ಸೀಸೆಗಳು ಬಹಳ ಹಿಂದಿನಿಂದ ಇವೆ. ಸಿಂಪಡಿಸಿಕೊಂಡ ಸ್ವಲ್ಪ ಹೊತ್ತಿಗೆ ಬಾಯಿ ಮತ್ತೆ ಒಣಗುತ್ತದೆ ಎಂಬುದೇ ಎಲ್ಲರ ದೂರು. ಇಂಗ್ಲೆಂಡಿನ ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಅನ್ವೇಷಾ ಸರ್ಕಾರ್ ನೇತೃತ್ವದ ತಂಡ ಇದರ ಕಾರಣ ಹುಡುಕಿತು: ದ್ರವ ನಾಲಿಗೆಯನ್ನು ಕಚ್ಚಿ ಹಿಡಿಯುವುದಿಲ್ಲ. ಹಾಲಿನ ಪ್ರೋಟೀನಿನ ಅತಿಸೂಕ್ಷ್ಮ ಕಣಗಳು ನೀರು ಹೀರಿಕೊಂಡು ಉಬ್ಬಿ, ಸುತ್ತ ಜೆಲ್ಲಿನ ಬಲೆ ನೇಯ್ದುಕೊಂಡು ಕೂರುವಂತೆ ಅವರು ಮಾಡಿದರು. 2023ರ ಅವರ ಪ್ರಯೋಗಾಲಯ ಪರೀಕ್ಷೆಯಲ್ಲಿ ಅದು ಮಾರುಕಟ್ಟೆಯ ದ್ರವಗಳಿಗಿಂತ ನಾಲ್ಕೈದು ಪಟ್ಟು ಮೇಲಾಗಿ ಕಂಡಿತು. ಆ ಪರೀಕ್ಷೆ ನಡೆದದ್ದು ನಾಲಿಗೆಯಂಥ ಕೃತಕ ಮೇಲ್ಮೈಯ ಮೇಲೆ, ನಿಜವಾದ ನಾಲಿಗೆಯ ಮೇಲಲ್ಲ ಎಂಬುದು ನೆನಪಿರಲಿ.

ಕರೆಂಟಿನ ಹಂಗಿಲ್ಲದೆ ಬಾಯಿ ಒಣಗುವವರೂ ಇದ್ದಾರೆ. ಸ್ವೀಡನ್ನಿನ ಕಣ್ಣಿನ ವೈದ್ಯ ಹೆನ್ರಿಕ್ ಶೋಗ್ರೆನ್ 1933ರಲ್ಲಿ ವಿವರಿಸಿದ ಕಾಯಿಲೆಯಲ್ಲಿ ಮೈಯ ರಕ್ಷಣಾ ವ್ಯವಸ್ಥೆಯೇ ಕಣ್ಣೀರಿನ ಗ್ರಂಥಿ ಮತ್ತು ಲಾಲಾಗ್ರಂಥಿಗಳ ಮೇಲೆ ತಿರುಗಿ ಬೀಳುತ್ತದೆ. ನರಳುವವರಲ್ಲಿ ಬಹುಪಾಲು ಹೆಂಗಸರು. ಇದಕ್ಕೆ ಹೊಸ ಔಷಧಗಳು ಈಗ ಕೊನೆಯ ಹಂತದ ಪರೀಕ್ಷೆಗಳಲ್ಲಿವೆ. ಸಕ್ಕರೆ ಕಾಯಿಲೆಯಿಂದ, ಅಲರ್ಜಿ, ಖಿನ್ನತೆ, ರಕ್ತದೊತ್ತಡದ ಕೆಲವು ಮಾತ್ರೆಗಳಿಂದ ಬಾಯಿ ಒಣಗುವವರ ಸಂಖ್ಯೆಯಂತೂ ಬಹಳ ದೊಡ್ಡದು. ಅವರಲ್ಲಿ ಹಲವರಿಗೆ ಮಾತ್ರೆ ಬದಲಿಸಿದರೆ ಸಾಕಾಗಬಹುದು.

ಎಲೆಯಡಿಕೆ, ತಂಬಾಕು, ಗುಟ್ಕಾ ಮನೆಮನೆಗೂ ಹೊಕ್ಕಿರುವ ನಾಡು ನಮ್ಮದು. ಬಾಯಿ, ಗಂಟಲಿನ ಕ್ಯಾನ್ಸರಿಗೆ ಕರೆಂಟು ಕೊಡಿಸಿಕೊಳ್ಳುವವರು ನಮ್ಮ ಊರುಗಳಲ್ಲಿ ದಿನವೂ ಇದ್ದಾರೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಆ ಚಿಕಿತ್ಸೆ ನಿಗದಿಯಾಗಿದ್ದರೆ, ಮೊದಲ ದಿನಕ್ಕೆ ಮುಂಚೆ ವೈದ್ಯರನ್ನು ಕೇಳಿ: ‘ಲಾಲಾಗ್ರಂಥಿ ಉಳಿಸಿ ಕೊಡಲು ಸಾಧ್ಯವೇ?’ ಹಲ್ಲಿನ ವೈದ್ಯರನ್ನು ಕರೆಂಟು ಶುರುವಾಗುವ ಮೊದಲೇ ಕಾಣಿ. ಆಮೇಲೆ ಬಾಯಿ ಒಣಗಿದರೆ ಕಲ್ಲುಸಕ್ಕರೆ, ಪೆಪ್ಪರ್‌ಮಿಂಟುಗಳ ಬದಲು ಸಕ್ಕರೆಯಿಲ್ಲದ ಚ್ಯೂಯಿಂಗ್ ಗಮ್ ಅಗಿಯಿರಿ, ಫ್ಲೋರೈಡ್ ಪೇಸ್ಟು ಬಳಸಿ. ವೈದ್ಯರ ಬಳಿ ಹೋಗುವಾಗ, ನುಂಗುತ್ತಿರುವ ಮಾತ್ರೆಗಳ ಚೀಟಿ ಜೊತೆಗಿರಲಿ.